ಆರು ಜನರ ದುಡ್ಡಿಗೆ ಒಂದೇ ರಸೀದಿ

ಎವೋದಿಯೋನನ್ನು ನಾನು ಮೊದಲು ಕಂಡ ದಿನ ಅವನು ಹಣ ಕಳಿಸುವ ಕಿಟಕಿಯ ಮುಂದೆ ಜಗಳಕ್ಕೆ ನಿಂತಿದ್ದ. ಒಕ್ಲಹೋಮಾ ಸಿಟಿಯಲ್ಲಿ ನಮ್ಮ ಮೆಕ್ಸಿಕೋದವರ ದಿನಸಿ ಅಂಗಡಿ. ಕಿಟಕಿಯ ಪಕ್ಕದಲ್ಲೇ ನಾನು ತಮಾಲೆ, ನಮ್ಮ ಜೋಳದ ಕಡುಬು, ಮಾರುವುದು.

"ಕಂಪನಿಗೆ ಕೊಡೋದು ಕೊಟ್ಟಾಯ್ತು. ಇದ್ಯಾವ್ದಮ್ಮ ಇನ್ನೊಂದು ಐದು ಡಾಲರ್?"

"ರಾಜ್ಯ ಸರ್ಕಾರದ್ದು, ದೋನ್ ಎವೋದಿಯೋ," ಎಂದಳು ಕಿಟಕಿಯ ಒಳಗಿನ ಯಾದಿರಾ. "ಕಳ್ಸಿದಾಗೆಲ್ಲ ಐದು. ಐನೂರು ದಾಟಿದ್ರೆ, ದಾಟಿದ್ದಕ್ಕೆ ನೂರಕ್ಕೊಂದು."

"ನನ್ ಹೆಂಡ್ತಿ ಸಂಸಾರಕ್ಕೆ ಸರ್ಕಾರ ಯಾವಾಗ ನೆಂಟ ಆಯ್ತು?"

ನನ್ನ ಪಾತ್ರೆಯ ಪಕ್ಕ ಕೂತು ಬೆರಳೆಣಿಸಿದ. ಅವನೂ ಅವನ ಊರಿನ ಐವರೂ ಛಾವಣಿ ಹೊದಿಸುವವರು. ಆರು ಜನ ಬೇರೆ ಬೇರೆ ಕಳಿಸಿದರೆ ಮೂವತ್ತು ಡಾಲರ್. ಸಾವಿರದೈನೂರನ್ನೂ ಇವನೊಬ್ಬನ ಹೆಸರಲ್ಲಿ ಕಳಿಸಿದರೆ ಹದಿನೈದೇ, ತಲೆಗೆ ಎರಡೂವರೆ. ಹಾಗೇ ಕಳಿಸಲು ಹೋದಾಗ, ಇಷ್ಟು ದುಡ್ಡು ಎಲ್ಲಿಂದ ಬಂತೆಂದು ಕಂಪನಿ ಕೇಳಿತು. ಇವನು ಡಾಂಬರು ಮೆತ್ತಿದ ಎರಡೂ ಕೈಗಳನ್ನು ಗಾಜಿಗೆ ಒತ್ತಿ ತೋರಿಸಿದ. ಸಂಬಳದ ಚೀಟಿ ತಂದ ಮೇಲೆಯೇ ಬಿಟ್ಟರು.

ಅಲ್ಲಿ ಊರಲ್ಲಿ ಅವನ ಹೆಂಡತಿ ಚಾಯೋ ಹಣ ಬಿಡಿಸಿಕೊಂಡು, ಮನೆ ಮನೆಗೆ ಹೋಗಿ ಲಕೋಟೆ ಕೊಡುತ್ತಿದ್ದಳು. ನವೆಂಬರಿನಲ್ಲಿ ಅವಳ ಮಂಡಿ ಹಿಡಿಯಿತು. ಜೋಳದ ಗಿರಣಿಯಲ್ಲಿ ಹೆಂಗಸರೆಲ್ಲ ಸಾಲು ನಿಂತ ಹೊತ್ತಿಗೆ ಹೋಗಿ, ಹೆಸರನ್ನೂ ಮೊತ್ತವನ್ನೂ ಕೂಗಿ ಹಂಚಿದಳು. ಐವರಲ್ಲೊಬ್ಬನಾದ ಪೊನ್ಸಿಯಾನೋನ ಹೆಂಡತಿಗೆ ನಾನೂರು. ತನಗೆ ನೂರು.

"ನನ್ ಗಂಡಂದು ಸಪಾಟು ಛಾವಣಿ ಕಣ್ರೇ, ಕೂಲಿ ಕಮ್ಮಿ," ಎಂದಳು ಚಾಯೋ. "ಇಳಿಜಾರಿನ ಮೇಲೆ ಹತ್ತೋರಿಗೆ ಜಾಸ್ತಿ."

"ನನ್ನವನೂ ಸಪಾಟೇ ಅಂದಿದ್ದ!" "ನನ್ನವನೂ!" ಎಂದರು ಉಳಿದ ಹೆಂಡತಿಯರು.

"ಅಯ್ಯೋ ಪೆದ್ದುಗಳಾ," ಎಂದಳಂತೆ ಪೊನ್ಸಿಯಾನೋನ ಹೆಂಡತಿ, "ಆರು ಜನಕ್ಕೂ ಒಂದೇ ಛಾವಣಿ, ಒಂದೇ ಕೂಲಿ."

ಅಂದೇ ಆರು ಫೋನುಗಳು ಬಡಿದುಕೊಂಡವು. ಮುಂದಿನ ಶುಕ್ರವಾರ ಐವರೂ ಒಬ್ಬೊಬ್ಬರೇ ಸಾಲಿನಲ್ಲಿ ನಿಂತು, ತುಟಿಪಿಟಕ್ಕೆನ್ನದೆ ಸರ್ಕಾರಕ್ಕೆ ಐದೈದು ಡಾಲರ್ ಕೊಟ್ಟರು. ಚಾಯೋ ಮಾತ್ರ ಗಂಡನಿಗೆ ಒಂದೇ ಮಾತು ಹೇಳಿದ್ದಳು: "ಒಂದೇ ಸಲಕ್ಕೆ ಮುನ್ನೂರು ಕಳ್ಸು. ಅಲ್ಲೀವರ್ಗೂ ಫೋನ್ ಮಾಡ್ಬೇಡ." ಅವನ ದುಡ್ಡೆಲ್ಲ ಓಡದ ಹಳೇ ಟ್ರಕ್ಕು ನುಂಗಿತ್ತು. ಮೂರು ತಿಂಗಳು ಅವಳ ದನಿಯಿಲ್ಲದೆ ಮನುಷ್ಯ ಸೊರಗಿಹೋದ. ನನ್ನ ತಮಾಲೆಯನ್ನೂ ಅರ್ಧಕ್ಕೇ ಬಿಡುತ್ತಿದ್ದ.

ಫೆಬ್ರವರಿಯಲ್ಲಿ ಯಾದಿರಾ ಹೇಳಿದಳು: ತೆರಿಗೆಯ ಅರ್ಜಿಯ ಜೊತೆ ಕೇಳಿಕೊಂಡರೆ ರಾಜ್ಯ ತಾನು ತೆಗೆದುಕೊಂಡ ಶುಲ್ಕವನ್ನು ಹಿಂದಕ್ಕೆ ಕೊಡುತ್ತದೆ, ರಸೀದಿ ಯಾರ ಹೆಸರಲ್ಲಿದೆಯೋ ಅವರಿಗೆ. ಎವೋದಿಯೋ ಟ್ರಕ್ಕಿನೊಳಗಿಂದ ರಸೀದಿಗಳನ್ನು ಬಾಚಿ ತಂದು ನನ್ನ ಮಡಿಲಿಗೆ ಸುರಿದ. ಎರಡು ಸಲ ಎಣಿಸಿದೆ. ಇಪ್ಪತ್ತೆರಡು. ಮುನ್ನೂರ ಮೂವತ್ತು ಡಾಲರ್.

ಆ ದುಡ್ಡು ಕೈಗೆ ಬಂದ ವಾರವೇ, ಚಾಯೋಳ ಕೈಗೇ ಮುನ್ನೂರು ಕೊಡಲು, ಅವನು ಊರಿಗೆ ಹೋದ. ಹೊರಡುವ ಮೊದಲು ಬಂದು, ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ದೋನ್ಯಾ ತೊಮಾಸಾ, ಆ ಐದು ಜನಕ್ಕೂ ಇದ್ನ ಹೇಳ್ಲೇಬೇಕಾ?"