ನಂಬರು ಅಳಿದ ಉಕ್ಕು, ಹತ್ತರಗಿಯಲ್ಲಿ ಉಳಿದ ನಾನು

ಹತ್ತರಗಿಯಲ್ಲಿ ನನಗೆ ಮೊದಲು ಸಿಕ್ಕಿದ್ದು ಮನೆಯಲ್ಲ, ಊಟ. ಬಾಡಿಗೆ ಕೇಳಲು ಬಸಪ್ಪ ಕಾಕಾ ಅವರ ಬಾಗಿಲಿಗೆ ಹೋದರೆ, ಅವರು ಬಾಡಿಗೆಯ ಮಾತೇ ಎತ್ತದೆ ತಂಬಿಗೆ ಕೈಗಿತ್ತರು. "ಮೊದ್ಲ ಕೈ ತೊಳೀರಿ. ಹಸದ ಮನಷ್ಯಾನ ಜೋಡಿ ನಾ ಯವಾರ ಮಾಡಂಗಿಲ್ಲ."

ರೊಟ್ಟಿ, ಝುಣಕ ಉಂಡ ಮೇಲೆ ಚೌಕಾಸಿಗೆ ನಾಲಿಗೆ ಏಳಲಿಲ್ಲ. ಅವರು ಹೇಳಿದ್ದಕ್ಕೆ ಹೂಂ ಅಂದೆ. ನಮ್ಮೂರು ಗುಬ್ಬಿಯ ಸಂತೆಯಲ್ಲಿ ಹಳೇ ಕಬ್ಬಿಣ ಮಾರಿ ಮೇಲೆ ಬಂದವನು ನಾನು. ಇಷ್ಟು ಸುಲಭವಾಗಿ ಯಾರೂ ನನ್ನನ್ನು ಬಗ್ಗಿಸಿರಲಿಲ್ಲ. ನೀವು ಈ ಕಡೆ ಬರುವುದಾದರೆ ನೆನಪಿಡಿ: ಬಾಡಿಗೆ ಮಾತು ಹೊಸ್ತಿಲು ದಾಟುವ ಮೊದಲೇ ಮುಗಿಯಲಿ.

ಇಲ್ಲಿ ಹಿರಿಯರೆಲ್ಲ ಕಾಕಾ, ಅಂದರೆ ಚಿಕ್ಕಪ್ಪ. ಈ ಚಿಕ್ಕಪ್ಪನ ಶೆಡ್ಡಿನಲ್ಲೇ ನನ್ನ ವ್ಯಾಪಾರ. ವಿಮಾನದ ಭಾಗ ಮಾಡುವವರಿಗೆ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕನ್ನು ಕತ್ತರಿಸಿ ಕೊಡುತ್ತೇನೆ. ಸಾಮಾನ್ಯ ಉಕ್ಕಿನ ದಪ್ಪ ದಿಮ್ಮಿಯನ್ನು ಕಾಯಿಸಿ ಎಣ್ಣೆಗೆ ಅದ್ದಿದರೆ ಹೊರಮೈ ಮಾತ್ರ ಗಡಸಾಗುತ್ತದೆ, ನಡು ಮೆದುವಾಗಿ ಉಳಿಯುತ್ತದೆ. ಇದು ತಿರುಳಿನವರೆಗೂ ಗಟ್ಟಿ. ಇಡೀ ವಿಮಾನದ ಭಾರ ನೆಲಕ್ಕೆ ಬಡಿಯುವಾಗ ಹೊರಬೇಕಾದ ಕಾಲುಗಳಿಗೆ ಇಂಥದ್ದೇ ಬೇಕು.

ನಮ್ಮ ಕಡೆ ತೆಂಗಿನ ನೆರಳಾದರೂ ಇತ್ತು. ಇಲ್ಲಿ ಕಬ್ಬು, ಧೂಳು, ಹೆದ್ದಾರಿ. ಬೆಂಗಳೂರಿನ ಬಸ್ಸು ಕಣ್ಣೆದುರೇ ಹಾದುಹೋಗುತ್ತದೆ, ಹತ್ತುವಂತಿಲ್ಲ. ಗಳಿಸಿದ್ದೆಲ್ಲ ಒಂದು ದಿಮ್ಮಿಯಾಗಿ ಶೆಡ್ಡಿನಲ್ಲಿ ಮಲಗಿತ್ತು. ಅದೊಂದು ಮಾರಿದರೆ ಬಾಗಿಲು ಮುಚ್ಚಿ ಊರಿಗೆ ಹೊರಡುವುದೆಂದು ಹೆಂಡತಿ ಸುಶೀಲಳಿಗೆ ಮಾತು ಕೊಟ್ಟಿದ್ದೆ. ಗಿರಾಕಿಯೂ ಒಪ್ಪಿ, ದಸರೆ ಕಳೆದ ಮೇಲೆ ಬಂದು ನೋಡುತ್ತೇನೆ ಎಂದಿದ್ದರು.

ಅಷ್ಟರಲ್ಲಿ ಖಂಡೇಪೂಜೆ ಬಂತು, ನಮ್ಮ ಆಯುಧಪೂಜೆ. ಬೆಳಿಗ್ಗೆ ಹೂವು ಹಿಡಿದು ಶೆಡ್ಡಿಗೆ ಹೋದರೆ ಬಸಪ್ಪ ಕಾಕಾ ಗ್ರೈಂಡರ್ ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದರು. ದಿಮ್ಮಿಯ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು.

"ನೋಡ್ರಿ ಸಾವ್ಕಾರ್ರ, ಬೆಳ್ಳಿ ಆಗೇತಿ! ಜಂಗ್ ಹಿಡದ ಕಬ್ಬಿಣಕ್ಕ ಯಾರರ ವಿಭೂತಿ ಹಚ್ತಾರೇನ್ರಿ?"

"ಕಾಕಾ, ಅಲ್ಲಿ ಒಂದು ನಂಬರ್ ಇತ್ತಲ್ಲ?"

"ಆ ಕಚ್ಚು? ತಿಕ್ಕಿ ತಗದೇನ್ರಿ. ನೇಗಿಲದ ಕುಳಾನೂ ಹಿಂಗ ಮಾಡ್ತೇವಿ."

ಆ ಕಚ್ಚು ದಿಮ್ಮಿಯ ಕುಲಗೋತ್ರ. ಯಾವ ಕುಲುಮೆಯಲ್ಲಿ, ಯಾವ ಸಲ ಕರಗಿಸಿದ್ದು ಎಂಬ ಗುರುತು ಅದೊಂದೇ; ದಿಮ್ಮಿಯ ಜೊತೆ ಬಂದ ಪರೀಕ್ಷೆಯ ಕಾಗದದಲ್ಲೂ ಅದೇ ನಂಬರು. ಇದನ್ನು ಹೇಳಿದಾಗ ಕಾಕಾ ದಿಮ್ಮಿಯ ಪಕ್ಕದಲ್ಲೇ ಕುಳಿತುಬಿಟ್ಟರು.

ಕುಳಿತಲ್ಲಿಂದಲೇ ಕೇಳಿದರು, "ನಿಮಗ ಆ ನಂಬರ್ ಬಾಯಿಪಾಠ ಐತಲ್ರಿ? ಮತ್ತ ಹೊಡದ್ರ ಆತು. ಕಬ್ಬಿಣ ಅದ ಐತಿ, ಖರೆ ಹೌದಲ್ರಿ?"

ಖರೆ ಎಂದರೆ ನಿಜ. ಅವರು ಹೇಳಿದ್ದು ನಿಜವೇ ಆಗಿತ್ತು. ಉಳಿ, ಸುತ್ತಿಗೆ ಅಲ್ಲೇ ಇದ್ದವು. ಆದರೆ ಗುರುತನ್ನು ನಾನೇ ಕೆತ್ತಬಹುದಾದರೆ ಯಾರು ಬೇಕಾದರೂ, ಯಾವ ತುಂಡಿನ ಮೇಲೆ ಬೇಕಾದರೂ ಕೆತ್ತಬಹುದು; ಆಮೇಲೆ ವಿಮಾನ ಹತ್ತುವವರು ಯಾರನ್ನು ನಂಬಬೇಕು? ಬೆಲೆಯಲ್ಲಿ ಎಷ್ಟಾದರೂ ಜಗ್ಗಾಡಿ, ಗುರುತಿನಲ್ಲಿ ಬೇಡ. ಗಿರಾಕಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಮರ್ಯಾದೆಯಿಂದಲೇ ಬೇಡವೆಂದರು: "ಕಾಗದ ಇದೆ, ಉಕ್ಕಿದೆ, ಎರಡಕ್ಕೂ ನಂಟಿಲ್ಲ." ಮತ್ತೆ ಪರೀಕ್ಷೆ ಮಾಡಿಸಿದರೆ ಒಳಗೆ ಏನೇನಿದೆ ಎಂದು ಗೊತ್ತಾಗುತ್ತದೆ, ಹುಟ್ಟಿದ್ದು ಎಲ್ಲಿ ಎಂದು ಗೊತ್ತಾಗುವುದಿಲ್ಲ.

ಕೊನೆಗೆ ಅದು ಹೋದದ್ದು ಮೂಡಲಗಿಗೆ, ಕಬ್ಬು ಹಿಂಡುವ ಗಾಣದ ಅಚ್ಚಾಗಿ. ಕಾಕಾ ತಾವೇ ಜೊತೆಗೆ ಬಂದು ನನ್ನ ಪರವಾಗಿ ಜಗಳಾಡಿ ಬೆಲೆ ಏರಿಸಿದರು. ಆದರೂ ಅದು ಕಬ್ಬಿಣದ ಬೆಲೆಯೇ. ಆ ಹಣದಲ್ಲಿ ಊರಿಗೆ ಹೋಗಿ ಕೂರಲಾಗದು. ಇನ್ನೊಂದು ಚಿಕ್ಕ ದಿಮ್ಮಿ ತರಿಸಿ ಮೊದಲಿಂದ ಶುರುಮಾಡಬೇಕು.

ಗಾಣದ ಮಾಲೀಕ ಅಚ್ಚು ತಿರುಗುವುದನ್ನು ನೋಡಿ ಹಿಗ್ಗಿದ. "ಇದು ನನ್ನ ಮೊಮ್ಮಗನ ಕಾಲಕ್ಕೂ ಸವೆಯಂಗಿಲ್ಲ ಬಿಡ್ರಿ. ನೀವೂ ಇಲ್ಲೇ ಇರ್ರಿ, ಹೆಣ್ಣಮಕ್ಕಳನ್ನ ಕರಕೊಂಡ ಬರ್ರಿ." ಹೆಣ್ಣಮಕ್ಕಳು ಅಂದರೆ ಇಲ್ಲಿ ಮನೆಯಾಕೆ.

ಅಲ್ಲಿಂದಲೇ ಸುಶೀಲಳಿಗೆ ಫೋನ್ ಮಾಡಿ, ಊರಿಗೆ ಬರುವುದು ಈ ವರ್ಷ ಆಗಲಿಲ್ಲ ಅಂದೆ. ಆಕೆ ಬೈಯಲಿಲ್ಲ.

"ಸರಿ, ಮನೆಗೆ ಬೀಗ ಹಾಕಿ ನಾನೇ ಬಂದ್ಬಿಡ್ತೀನಿ. ಆ ಖಾರ ತಿನ್ನು ಅಂತ ಮಾತ್ರ ಹೇಳ್ಬೇಡಿ."

ಇಷ್ಟು ವರ್ಷ ನಾನು ಕಾದಿದ್ದ ಮಾತು. ಹೂಂ ಅನ್ನಬೇಕಿತ್ತು. ಆದರೆ ಆಕೆ ಬೀಗ ಹಾಕಿದರೆ ನಾನು ವಾಪಸು ಹೋಗಬೇಕಾದ ಊರು ಎಲ್ಲಿ ಉಳಿಯುತ್ತದೆ?

"ಬೇಡ ಕಣೇ," ಅಂದೆ. "ನೀನು ಅಲ್ಲೇ ಇರು."