ಅಕ್ಕನಿಗೆ ಆಗಿಬರದ ಪಟ್ಟಿ

ಸಣ್ಣ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಕಂಡರೆ ನಾನು ತಲೆ ತಗ್ಗಿಸುತ್ತೇನೆ. ಆ ಬಡಪಾಯಿಯ ಹೆಸರು ಕೆಡಿಸಿದವಳು ನಾನೇ.

ಜನ ಹೇಗೂ ಅದನ್ನು ಹಗುರವಾಗಿ ಕಾಣುತ್ತಾರೆ. ರಸ್ತೆಯ ಗುಂಡಿಗೆ ಒಂದು ಬುಟ್ಟಿ ಮಣ್ಣು ಸುರಿದರೆ, ಮುನಿದ ಬೀಗರಿಗೆ ಚಹಾ ಕುಡಿಸಿ ಕಳಿಸಿದರೆ, ಬರೀ ಪಟ್ಟಿ ಹಚ್ಚಿದರು ಎನ್ನುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆದರೂ ಕೇಳುತ್ತೇನೆ, ಗಾಯ ಮಾಯಿಸುತ್ತೇನೆಂದು ಪಟ್ಟಿ ಯಾವತ್ತು ಮಾತು ಕೊಟ್ಟಿತ್ತು? ಧೂಳು ತಡೆಯುವುದಷ್ಟೇ ಅದರ ಕೆಲಸ.

ಅಕ್ಕನ ಮದುವೆಗೆ ಮೊದಲು ಒಮ್ಮೆ ಈಳಿಗೆ ತಗುಲಿ ಅವಳ ಬೆರಳು ಕೊಯ್ದುಹೋಯಿತು. ನಾನು ಬ್ಯಾಡಗಿ ಮಾರುಕಟ್ಟೆಯಲ್ಲಿ ದಿನವಿಡೀ ಒಣಮೆಣಸಿನಕಾಯಿಯ ತೊಟ್ಟು ಮುರಿದು ಆಗಷ್ಟೇ ಬಂದಿದ್ದೆ. ನಮ್ಮ ಕೆಲಸದವರು ಕೈ ತೊಳೆಯದೆ ಕಣ್ಣು ಮುಟ್ಟುವುದಿಲ್ಲ, ಮೂಗು ಮುಟ್ಟುವುದಿಲ್ಲ. ಆ ಲೆಕ್ಕದಲ್ಲಿ ಅಕ್ಕನ ಬೆರಳಿರಲಿಲ್ಲ. ಪಟ್ಟಿಯ ಬಿಳಿ ಹತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ, ನೀವಿ, ಪ್ರೀತಿಯಿಂದ ಅಂಟಿಸಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ವ್ಯಾಪಾರಸ್ಥರು ಹೇಳುತ್ತಾರೆ. ಅವರು ಗಾಯಕ್ಕೆ ಹಚ್ಚಿ ನೋಡಿಲ್ಲ.

ಅಕ್ಕ ಅಂಗಳದ ತುಂಬ ಕುಣಿದಳು. ಇವಳಿಗೆ ಪಟ್ಟಿ ಆಗಿಬರುವುದಿಲ್ಲ ಎಂದು ಅವ್ವ ತೀರ್ಪು ಕೊಟ್ಟಳು. ನನಗೆ ನಿಜ ಹೊಳೆದಿತ್ತು. ಆದರೂ ಹೌದೆಂದು ತಲೆಯಾಡಿಸಿದೆ.

ರಾಣೆಬೆನ್ನೂರಿನ ಅತ್ತೆಮನೆಗೂ ಆ ರೋಗ ಅಕ್ಕನ ಜೊತೆಗೇ ಹೋಯಿತು. ಅವಳ ಮಕ್ಕಳು ಮೊಣಕಾಲು ತರಚಿದರೆ ಹಳೆ ಸೀರೆಯ ಚೂರು ಸುತ್ತಿಕೊಂಡು ಶಾಲೆಗೆ ಹೋಗುತ್ತಾರೆ. ಅವಳ ಅತ್ತೆಯಂತೂ ಹಾವೇರಿ ಬಸ್ಸಿನಲ್ಲಿ ಪಕ್ಕದವರ ಕೈ ಮೇಲೆ ಪಟ್ಟಿ ಕಂಡರೆ ಸೊಸೆಯನ್ನು ಎಬ್ಬಿಸಿ ಬೇರೆ ಸೀಟಿಗೆ ಕಳಿಸುತ್ತಾರೆ.

ಹೋದ ತಿಂಗಳು ತವರಿಗೆ ಬಂದ ಅಕ್ಕ ಕಾಲ್ಬೆರಳು ಎಡವಿಕೊಂಡಳು. ಸುತ್ತಿದ ಬಟ್ಟೆ ಜಾರಿ, ಧೂಳು ಸೇರಿ, ಕೀವಾಯಿತು. ದವಾಖಾನೆಯಲ್ಲಿ ನರ್ಸಮ್ಮ ಗಾಯ ತೊಳೆದು ಪಟ್ಟಿ ಎತ್ತಿದ್ದೇ ತಡ, ಅಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಇನ್ನೂ ಸುಮ್ಮನಿದ್ದರೆ ಅವಳ ಬೆರಳೇ ಹೋದೀತು ಎನ್ನಿಸಿತು.

"ಅಕ್ಕಾ, ಅವತ್ತ ಉರಿದಿದ್ದು ಪಟ್ಟಿ ಅಲ್ಲ. ನನ್ನ ಕೈಯಾಗ ಖಾರ ಇತ್ತು."

ಅಕ್ಕ ಕಣ್ಣು ಒರೆಸಿಕೊಂಡು ನರ್ಸಮ್ಮನ ಕಡೆ ತಿರುಗಿದಳು. "ನೋಡ್ರಿ, ನನ್ನ ಹೆದರಿಕಿ ಬಿಡಸಾಕ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ. ಇಂಥಾ ತಂಗಿ ಯಾರಿಗೆ ಸಿಗ್ತಾಳ್ರಿ?"

ಆಣೆ ಮಾಡಿದೆ. ಅವಳ ನಂಬಿಕೆ ಇನ್ನೂ ಗಟ್ಟಿಯಾಯಿತು. ಇಷ್ಟು ಪ್ರೀತಿಯ ತಂಗಿಗಾಗಿ ಎಂಥ ಉರಿಯನ್ನಾದರೂ ತಡೆದುಕೊಳ್ಳುತ್ತೇನೆಂದು ಕೊನೆಗೆ ಕಾಲು ಚಾಚಿದಳು. ಪಟ್ಟಿ ಹಚ್ಚಿದ ಮೇಲೆ ನರ್ಸಮ್ಮ ಉರಿಯುತ್ತಿದೆಯೇ ಎಂದು ಕೇಳಿದರು.

"ಭಾಳ," ಎಂದಳು ಅಕ್ಕ, ನನ್ನ ಕೈ ಹಿಡಿದು ನಗುತ್ತ.

ಬೆರಳು ಮಾಯಿತು. ಬೈಸಿಕೊಳ್ಳಲು ಹೋದ ನನಗೆ ಎರಡು ಊರಿನ ಹೊಗಳಿಕೆ ಅಂಟಿಕೊಂಡಿದೆ. ಅದನ್ನು ಯಾವ ತುದಿಯಿಂದ ಕೀಳಬೇಕೋ ತಿಳಿಯುತ್ತಿಲ್ಲ.