ಹಿಂದಕ್ಕಣ್ಣ ಕೂಗದ ಅಲೆ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಕರಾವಳಿ ರಸ್ತೆಯ ತಿರುವಿನಲ್ಲಿ ವ್ಯಾನ್ ನಿಲ್ಲಿಸಿದ ಚಾಲಕ, ಬಂಡೆಯ ಮೇಲೆ ಕಾಲಗಲಿಸಿ ನಿಂತಿದ್ದಾರೆ. ಮುಖ ಸಮುದ್ರಕ್ಕೆ, ಬೆನ್ನು ನಮಗೆ. ಕ್ಯಾಮೆರಾ ಹೊತ್ತು ಬಂದ ಪ್ರವಾಸಿಗರಿಬ್ಬರು ಕೆಳಗಿಳಿಯಲು ಚಡಪಡಿಸುತ್ತಿದ್ದಾರೆ, ಅಪ್ಪಣೆ ಸಿಕ್ಕಿಲ್ಲ. ಇಪ್ಪತ್ತು ನಿಮಿಷ ಅಲೆ ನೋಡಿ, ಬಂಡೆ ಎಲ್ಲಿಯವರೆಗೆ ಒದ್ದೆಯಾಗುತ್ತದೆಂದು ಗುರುತು ಮಾಡಿಕೊಂಡ ಮೇಲೆಯೇ ಇವರು ಕೈ ಬೀಸುವುದು. ಆಮೇಲೆ ಬಾಯಲ್ಲಿ ಒಂದೇ ಮಾತು, "ಹಿಂದಕ್ಕೆ". ದೊಡ್ಡ ಅಲೆ ಎದ್ದದ್ದು ಕಂಡ ಕೂಡಲೇ ಆ ಕೂಗು ಬೀಳುತ್ತದೆ, ಕ್ಯಾಮೆರಾದವರು ಎದ್ದೆವೋ ಬಿದ್ದೆವೋ ಎಂದು ಮೇಲಕ್ಕೆ ಓಡುತ್ತಾರೆ. ಈ ರಸ್ತೆಯುದ್ದಕ್ಕೂ ಇವರ ಹೆಸರು ಹಿಂದಕ್ಕಣ್ಣ.

"ಒಂದ್ಸಲ ಈ ಕಡೆ ತಿರುಗಿ ಸಾರ್, ಪೇಪರಿಗೆ ಫೋಟೋ ಬೇಕು" ಎನ್ನುತ್ತೇನೆ.

"ಅವರಿಬ್ರೂ ಇಳಿದು ಮತ್ತೆ ಮೇಲೆ ಬರೋವರೆಗೂ ನನ್ನ ಮಾತಾಡಿಸ್ಬೇಡಿ" ಎನ್ನುತ್ತಾರೆ, ತಿರುಗದೆಯೇ. ನಾನು ತೆಪ್ಪಗೆ ಮೊಬೈಲನ್ನು ಜೇಬಿಗಿಳಿಸುತ್ತೇನೆ.

ಅಲೆಯ ಫೋಟೋ ತೆಗೆಯುವವರನ್ನು ವ್ಯಾನಿನಲ್ಲಿ ಕರೆತಂದು ಕಾಯುವುದು, ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಅದಕ್ಕೆ ಮೊದಲು ದೋಣಿಗಳು ಮೀನು ಇಳಿಸುವ ದಕ್ಕೆಗೆ ಮಂಜುಗಡ್ಡೆ ಸಾಗಿಸುವ ಲಾರಿ ಓಡಿಸುತ್ತಿದ್ದರು. ಈಗ ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್, ಏಳು ಕಡೆ ನಿಲುಗಡೆ. ಕ್ಯಾಮೆರಾ ಸ್ಟ್ಯಾಂಡಿನ ಉಪ್ಪು ತೊಳೆಯಲು ವ್ಯಾನಿನಲ್ಲಿ ನಲವತ್ತು ಲೀಟರ್ ಸಿಹಿನೀರು. ನಿಮಿಷಕ್ಕೆ ಆರೇಳರಂತೆ, ಎರಡು ಗಂಟೆ ನಿಂತರೆ ಎಂಟುನೂರು ಅಲೆ ಕಣ್ಣ ಮುಂದೆ ಹಾದುಹೋಗುತ್ತವೆ. ಉಪ್ಪುಗಾಳಿಗೆ ಕಣ್ಣು ಸದಾ ಕೆಂಪು. ಕೆಲಸ ಮುಗಿದ ಮೇಲೆ ನಾನೂ ಜೊತೆಗೆ ಅವರ ಮನೆಗೆ ಬರುತ್ತೇನೆ; ಬಂದೊಡನೆ ಹೆಂಡತಿ ಅವರನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಔಷಧಿ ಹನಿ ಬಿಡುತ್ತಾರೆ.

"ಹಾಲು ಉಕ್ಕಿದ್ರೂ ಹಿಂದಕ್ಕೆ ಅಂತಾನೇ ಕೂಗೋದು ಇವ್ರು" ಎಂದು ಆಕೆ ನಗುತ್ತಾರೆ. "ಹಾಲು ಕೇಳ್ಬೇಕಲ್ಲ."

ನನ್ನ ಟಿಪ್ಪಣಿ ಪುಸ್ತಕದಲ್ಲಿ 'ಕಡಲ ಕಾವಲುಗಾರ' ಎಂಬ ತಲೆಬರಹ ಆಗಲೇ ಸಿದ್ಧವಿದೆ. ಅದಕ್ಕೆ ತಕ್ಕಂತೆಯೇ ಕೇಳುತ್ತೇನೆ: "ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಿಲ್ವಂತೆ, ಹೌದಾ?"

ಆಕೆಯ ನಗು ನಿಲ್ಲುತ್ತದೆ. "ಹೇಳ್ಬಿಡಿ ರೀ. ಇನ್ನೆಷ್ಟು ದಿನ ಅಂತ?"

ಮೂರು ವರ್ಷದ ಹಿಂದಿನ ಮಾತು. ವರ್ಷಕ್ಕೆರಡು ಸಲ ತಪ್ಪದೆ ಬರುತ್ತಿದ್ದ ಒಬ್ಬ ಛಾಯಾಗ್ರಾಹಕಿ, ಇವರಿಗೆ ಅಕ್ಕನಂತಿದ್ದವರು, ಬಂಡೆಯಿಂದ ಕೆಳಗಿಳಿಯುವಾಗ ಎರಡನೆಯ ಕ್ಯಾಮೆರಾವನ್ನು ಇವರ ಕೈಗೆ ಕೊಟ್ಟಿದ್ದರು. "ಅದರಲ್ಲಿ ನಾನಿದ್ದೆ. ಹಿಂದಿನ ದಿನ ನನಗೆ ಗೊತ್ತಾಗ್ದಂಗೆ ತೆಗೆದಿದ್ರು. ಹಿಂದೆ ಇಷ್ಟೆತ್ತರದ ಅಲೆ, ಮುಂದೆ ನಾನು. ಅಷ್ಟು ಚೆನ್ನಾಗಿ ನನ್ನನ್ನ ಯಾರೂ ತೆಗೆದಿರ್ಲಿಲ್ಲ. ದೊಡ್ಡದು ಮಾಡಿ ಮಾಡಿ ನೋಡ್ತಾ ನಿಂತ್ಬಿಟ್ಟೆ. ಮುಖ ನೋಡ್ಕೊಂಡೆ, ಮೀಸೆ ನೋಡ್ಕೊಂಡೆ. ತಲೆ ಎತ್ತೋದ್ರೊಳಗೆ ಅಲೆ ಅವರನ್ನ ಬಂಡೆಗೆ ಬಡಿದಿತ್ತು."

ಅಕ್ಕನ ತೊಡೆಮೂಳೆ ಮುರಿಯಿತು. ಆರು ತಿಂಗಳು ಹಾಸಿಗೆ. ಹಣ್ಣು ಹಿಡಿದು ನೋಡಲು ಹೋದ ಇವರಿಗೆ ಅಕ್ಕನೇ ಸಮಾಧಾನ ಹೇಳಿದರಂತೆ: "ನೀನು ಕೂಗಿರ್ತೀಯ, ನನಗೇ ಕೇಳಿಸ್ಲಿಲ್ಲ."

"ಹೂಂ ಅಂದ್ಬಿಟ್ಟೆ" ಎನ್ನುತ್ತಾರೆ. ನೆಲ ನೋಡುತ್ತಲೇ ಇದ್ದಾರೆ. "ಮೂಳೆ ಮುರಿದದ್ದು ಕಣ್ತಪ್ಪು. ಆ ಹೂಂ ಅಂದದ್ದು? ಅವತ್ತಿಂದ ಜನ ನನ್ನ ಹೊಗಳಿದ್ರೆ ಮೈಮೇಲೆ ಬಿಸಿನೀರು ಹುಯ್ದಂಗಾಗುತ್ತೆ."

ಇಲ್ಲಿ ನಾನು ಮಾಡಿದ್ದನ್ನೂ ಬರೆಯಬೇಕು. "ಬಿಡಿ, ಅದೊಂದನ್ನ ಬಿಟ್ಟು ಬರೀತೀನಿ" ಎಂದೆ. ಒಳ್ಳೆಯ ಲೇಖನ ಕೆಡುತ್ತದಲ್ಲ ಎಂಬುದೇ ನನ್ನ ಚಿಂತೆಯಾಗಿತ್ತು. ಅವರು ನನ್ನನ್ನು ನೋಡಿದ ನೋಟಕ್ಕೆ ನಾಚಿಕೆಯಿಂದ ಕುಗ್ಗಿಹೋದೆ.

"ಅದನ್ನ ಬರೀದಿದ್ರೆ ಏನೂ ಬರೀಬೇಡಿ. ಆದ್ರೆ ಅಕ್ಕ ಪೇಪರ್ ಓದಿ ತಿಳ್ಕೋಬಾರ್ದು. ನಾನೇ ಹೇಳ್ಬೇಕು."

ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಾರೆ. ಹೆಂಡತಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾರೆ. ಕಾಲು ಗಂಟೆಯ ಮೇಲೆ ಹಿಂದಕ್ಕಣ್ಣ ಒಳಗೆ ಬಂದು, ಗೋಡೆಗೊರಗಿ ನಿಲ್ಲುತ್ತಾರೆ.

"ಏನಂದ್ರು?" ಹೆಂಡತಿ ಕೇಳುತ್ತಾರೆ.

"ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, 'ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇತ್ತಾ' ಅಂದ್ರು. ಕಿವಿ ಹೋಯ್ತು, ಇನ್ನು ಸಮುದ್ರದ ಹತ್ರ ಹೋಗೋದು ಅಪಾಯ ಅಂತ ಕ್ಯಾಮೆರಾನೇ ಮುಟ್ಟಿಲ್ವಂತೆ, ಮೂರು ವರ್ಷದಿಂದ. ನಂಗೊತ್ತಿರ್ಲಿಲ್ಲ ಕಣೇ."

ಹೆಂಡತಿ ಲೋಟ ಕೆಳಗಿಟ್ಟು, ಸ್ಟೂಲನ್ನು ಅವರ ಕಡೆ ಸರಿಸುತ್ತಾರೆ. ಕೊನೆಗೆ, ನಿಮ್ಮ ಆಸೆ ಏನು ಎಂಬ ನನ್ನ ಎಂದಿನ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಕೇಳುತ್ತೇನೆ.

"ಅಕ್ಕ ಮತ್ತೆ ಬಂದು ಅಲೆ ತೆಗೀಬೇಕು" ಎನ್ನುತ್ತಾರೆ. "ಬೇರೆ ಯಾರ ವ್ಯಾನಲ್ಲಾದ್ರೂ ಬರ್ಲಿ."